ಮಲೆನಾಡಿನ ಮಗುವಿಗೆ ಪುಸ್ತಕ ತಲುಪುವ ದಾರಿ

ಮಕ್ಕಳ ಪುಸ್ತಕ ಬೆಂಗಳೂರಿನಲ್ಲಿ ಅಚ್ಚಾಗುತ್ತದೆ, ಹಳ್ಳಿಗೆ ಬಾರದಿರುವುದಕ್ಕೆ ಓದುವ ಅಭಿರುಚಿಯ ಕೊರತೆಯೇ ಕಾರಣ ಎಂಬ ಭಾವನೆ ನಗರಗಳಲ್ಲಿ ಬಲವಾಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮಟ್ಟಿಗೆ ಇವೆರಡೂ ನಿಜವಲ್ಲ.

'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಕನ್ನಡದ ಮಕ್ಕಳಿಗೆ ಕೊಟ್ಟ ಕುವೆಂಪು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಅಡಿಕೆ ತೋಟಗಳ ನಡುವೆ ಕುಳಿತೇ ಇಡೀ ನಾಡಿಗೆ ಪುಸ್ತಕ ಪ್ರಕಟಿಸಬಹುದೆಂದು ಅಕ್ಷರ ಪ್ರಕಾಶನದ ಮೂಲಕ ತೋರಿಸಿದವರು ಕೆ.ವಿ. ಸುಬ್ಬಣ್ಣ. ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಹೀಗಾಗಿ ಬರೆಯುವವರಿಗಾಗಲೀ ಪ್ರಕಟಿಸುವವರಿಗಾಗಲೀ ಇಲ್ಲಿ ಬರವಿಲ್ಲ. ತೊಡಕಿರುವುದು ಪುಸ್ತಕ ಮಗುವಿನ ಕೈ ಸೇರುವ ಕೊನೆಯ ಎರಡು ಮೈಲಿಯಲ್ಲಿ.

ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಒತ್ತಾಗಿಲ್ಲ. ತೋಟಕ್ಕೊಂದು, ಗುಡ್ಡಕ್ಕೊಂದು ಮನೆ. ಜೂನ್‌ನಿಂದ ಸುರಿಯುವ ಮಳೆಗೆ ಹಳ್ಳ ತುಂಬಿದರೆ ಪಕ್ಕದ ಕೇರಿಯೂ ದೂರವಾಗುತ್ತದೆ. ಇದರ ಮೇಲೆ ಜಲಾಶಯಗಳ ಹೊಡೆತ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆ ಶರಾವತಿ ಕಣಿವೆಯ ಊರುಗಳನ್ನು ಮುಳುಗಿಸಿತು. ತುಮರಿ ಭಾಗದ ಜನ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ ಸಾಗರಕ್ಕೆ ಬರಲು ಲಾಂಚನ್ನೇ ನಂಬಿದ್ದರು. ಪೇಟೆಯ ಪುಸ್ತಕದಂಗಡಿ ಅವರ ಮಕ್ಕಳ ಪಾಲಿಗೆ ಹೊಳೆಯಾಚೆಯ ಮಾತಾಗಿತ್ತು.

ಪ್ರಕಾಶಕರ ಕಷ್ಟವೂ ಕಡಿಮೆಯಲ್ಲ. ಮಕ್ಕಳ ಪುಸ್ತಕಕ್ಕೆ ಪುಟ ಕಡಿಮೆ, ಚಿತ್ರ ಹೆಚ್ಚು. ಬಣ್ಣದ ಮುದ್ರಣ, ಗಟ್ಟಿ ಕಾಗದ ಬೇಕು. ಸಾವಿರ ಪ್ರತಿಯಷ್ಟೇ ಅಚ್ಚು ಹಾಕಿದರೆ ಬೆಲೆ ಏರುತ್ತದೆ. ಸರ್ಕಾರದ ಸಗಟು ಖರೀದಿಯೇ ಆಸರೆ ಎಂದರೆ, ಅಲ್ಲಿ ಬೆಲೆ ನಿಗದಿಯಾಗುವುದು ಸಾಮಾನ್ಯವಾಗಿ ಪುಟಗಳ ಎಣಿಕೆಯ ಮೇಲೆ. ದಪ್ಪ ಕಾದಂಬರಿಗೆ ಒಪ್ಪುವ ಈ ಅಳತೆಗೋಲು ಹದಿನಾರು ಪುಟದ ಚಿತ್ರಕಥೆಗೆ ಒಗ್ಗುವುದಾದರೂ ಹೇಗೆ?

ಈ ಸ್ಥಿತಿಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮಹತ್ವ ಹೆಚ್ಚುತ್ತದೆ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಆರಂಭವಾಗಿ, ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಆಸ್ತಿ ತೆರಿಗೆಯೊಡನೆ ಸಂಗ್ರಹವಾಗುವ ಶೇ 6ರ ಗ್ರಂಥಾಲಯ ಕರ ಇವುಗಳ ಒಂದು ಆದಾಯ ಮೂಲ. ಮನೆಗಳೇ ವಿರಳವಾದ ಮಲೆನಾಡಿನ ಪಂಚಾಯಿತಿಯಲ್ಲಿ ಆ ಕರವೂ ವಿರಳವೆಂಬುದನ್ನು ಮರೆಯಬಾರದು.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಇನ್ನೊಂದು ದಾರಿ ತೆರೆದಿದೆ. ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಕಥೆಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಬಹುದು, ಹಂಚಬಹುದು; ಲೇಖಕರ ಹೆಸರು ಕಾಣಿಸಿದರೆ ಸಾಕು. ಸಿಗ್ನಲ್ ಸಿಗದ ಊರಿಗೂ ಇದು ಒದಗುತ್ತದೆ. ಶಿಕ್ಷಕರೊಬ್ಬರು ಪೇಟೆಗೆ ಬಂದಾಗ ಮುದ್ರಿಸಿ ಒಯ್ದರಾಯಿತು.

ಹೊರಜಗತ್ತಿನಲ್ಲಿ ಇದಕ್ಕಿಂತ ಕಠಿಣ ಸ್ಥಿತಿಯಲ್ಲಿ ನಡೆದ ಪ್ರಯತ್ನವೊಂದಿದೆ. ಪ್ಯಾಲೆಸ್ಟೀನಿನಲ್ಲಿ 1989ರಲ್ಲಿ ಹುಟ್ಟಿದ ತಾಮೆರ್ ಸಂಸ್ಥೆ ಮಕ್ಕಳ ಪುಸ್ತಕಗಳನ್ನು ತಾನೇ ಪ್ರಕಟಿಸಿ, ಸಮುದಾಯ ಗ್ರಂಥಾಲಯಗಳ ಮೂಲಕ ಹಂಚುತ್ತ ಬಂದಿತು. 2009ರಲ್ಲಿ ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿ ಅದಕ್ಕೆ ಸಂದಿತು. ಅಲ್ಲಿನ ಯುದ್ಧಕ್ಕೂ ಇಲ್ಲಿನ ಮಳೆಗೂ ಹೋಲಿಕೆ ಸಲ್ಲದು. ಆದರೆ ಪ್ರಕಟಣೆ ಮತ್ತು ಹಂಚಿಕೆ ಎರಡನ್ನೂ ಒಂದೇ ಕೆಲಸವೆಂದು ಕಂಡ ಕ್ರಮ ಗಮನಾರ್ಹ. ಕನ್ನಡದಲ್ಲಿ ಅಚ್ಚು ಹಾಕುವವರು ಒಬ್ಬರು, ಕೊಳ್ಳುವ ಇಲಾಖೆ ಇನ್ನೊಂದು, ಓದಿಸಬೇಕಾದವರು ಮತ್ತೊಬ್ಬರು.

ಆ ಮತ್ತೊಬ್ಬರೇ ಗ್ರಂಥಾಲಯ ಮೇಲ್ವಿಚಾರಕರು. ಹರಿದ, ಮಳೆಯಲ್ಲಿ ನೆನೆದ ಪುಸ್ತಕದ ಹೊಣೆ ತಮ್ಮ ತಲೆಗೆ ಬಂದೀತೆಂಬ ಅಳುಕು ಅವರಿಗಿದ್ದರೆ ಬೀರುವಿಗೆ ಬೀಗ ಬೀಳುವುದು ಸಹಜ. ಮಕ್ಕಳ ವಿಭಾಗದಲ್ಲಿ ವರ್ಷಕ್ಕೆ ಇಷ್ಟು ಪ್ರತಿ ಸವೆಯುತ್ತವೆಂದು ಲೆಕ್ಕದಲ್ಲೇ ಒಪ್ಪಿಕೊಂಡರೆ ಆ ಬೀಗ ತೆರೆಯುತ್ತದೆ. ಇದಕ್ಕೆ ಬೇಕಿರುವುದು ಕಟ್ಟಡವಲ್ಲ, ಒಂದು ಸುತ್ತೋಲೆ.