ತುರಿಕೆಗೆ ಉಪವಾಸ ಮದ್ದಲ್ಲ

ನಮ್ಮ ಓದುವ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ವಯಸ್ಸು 40ರ ಹತ್ತಿರ. ದಿನಾ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಜೋರಾಗಿ ಓದುತ್ತಿದ್ದರು. ಇದ್ದಕ್ಕಿದ್ದ ಹಾಗೆ ಹಿಂದೆ ಹೋಗಿ ಗೋಡೆ ಪಕ್ಕ ಕೂತರು. ಮುಖ ಬಾಡಿತ್ತು. ಮೈ ಇಳಿದಿತ್ತು. ಒಂದು ದಿನ ಪಾಠ ಮುಗಿದ ಮೇಲೆ ಒಬ್ಬರೇ ಉಳಿದರು.

"ಟೀಚರಮ್ಮ, ಒಂದ್ ಮಾತು ಕೇಳ್ಬೇಕಿತ್ತು. ನಾಚಿಕೆ ಆಗ್ತದೆ."

"ಹೇಳಿ ಅಕ್ಕ. ಇಲ್ಲಿ ನಾವಿಬ್ರೇ ಇರೋದು."

"ಕೆಳಗಡೆ ಸಿಕ್ಕಾಪಟ್ಟೆ ನವೆ. ಒಡೆದ ಹಾಲಿನಂಗೆ ಗಟ್ಟಿಗಟ್ಟಿ ಬಿಳಿ ಹೋಗ್ತದೆ. ಮೂತ್ರ ಮಾಡಿದ್ರೆ ಉರಿ. ಈ ವರ್ಷ ಇದು ಮೂರನೇ ಸಲ."

"ಯಾರಿಗಾದ್ರೂ ತೋರಿಸಿದ್ರಾ?"

"ಇಲ್ಲ ಟೀಚರಮ್ಮ. ಹೆಂಗೆ ತೋರ್ಸೋದು? ಮಗಳ ಫೋನಲ್ಲಿ ಯಾರೋ ಹೇಳ್ತಿದ್ರು. ಅನ್ನ ಬಿಡಿ, ಇಡ್ಲಿ ದೋಸೆ ಬಿಡಿ, ಹಣ್ಣು ಬಿಡಿ, ಹಾಲು ಬಿಡಿ, ತಾನಾಗೇ ಹೋಯ್ತದೆ ಅಂತ. 20 ದಿನದಿಂದ ಬರೀ ಬೇಯಿಸಿದ ಸೊಪ್ಪು ತಿಂತಿದೀನಿ. ನವೆ ಹೋಗ್ಲಿಲ್ಲ. ತಲೆ ತಿರುಗ್ತದೆ."

ಅಕ್ಕಂದಿರೇ, ಈ ತೊಂದರೆ ಆ ಅಕ್ಕನಿಗೆ ಮಾತ್ರ ಅಲ್ಲ. ನಾಲ್ಕು ಜನ ಹೆಂಗಸರಲ್ಲಿ ಮೂರು ಜನಕ್ಕೆ ಬಾಳಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಬಾಯಿ ಬಿಟ್ಟು ಹೇಳುವವರು ಕಡಿಮೆ. ಅದಕ್ಕೇ ಈ ಪಾಠ.

ಇದು ಏನು?

ಹಳಸಿದ ರೊಟ್ಟಿಯ ಮೇಲೆ ಬೂಷ್ಟು ಬೆಳೆಯುವುದನ್ನು ನೋಡಿದ್ದೀರಿ. ಬೂಷ್ಟಿನ ಜಾತಿಗೆ ಸೇರಿದ ಒಂದು ಸಣ್ಣ ಜೀವಿ ಇದೆ. ಕಣ್ಣಿಗೆ ಕಾಣುವುದಿಲ್ಲ. ಅದರ ಹೆಸರು ಕ್ಯಾಂಡಿಡಾ. ಅದು ನಮ್ಮ ಬಾಯಿ, ಕರುಳು, ಯೋನಿಯಲ್ಲಿ ಸ್ವಲ್ಪ ಸ್ವಲ್ಪ ಇದ್ದೇ ಇರುತ್ತದೆ. ಆಗ ತೊಂದರೆ ಕೊಡುವುದಿಲ್ಲ. ಅಲ್ಲೇ ಇರುವ ಒಳ್ಳೆಯ ಜೀವಿಗಳು ಅದನ್ನು ಹತೋಟಿಯಲ್ಲಿ ಇಡುತ್ತವೆ. ಹತೋಟಿ ತಪ್ಪಿದಾಗ ಅದು ವಿಪರೀತ ಬೆಳೆಯುತ್ತದೆ. ಆಗ ನವೆ, ಉರಿ, ಬಿಳಿ ಹೋಗುವುದು ಶುರುವಾಗುತ್ತದೆ.

ಹತೋಟಿ ಏಕೆ ತಪ್ಪುತ್ತದೆ?

ಬೇರೆ ಕಾಯಿಲೆಗೆ ಆಂಟಿಬಯೋಟಿಕ್ ಮಾತ್ರೆ ತಗೊಂಡಾಗ ಒಳ್ಳೆಯ ಜೀವಿಗಳೂ ಸಾಯುತ್ತವೆ. ಬಸುರಿಯಾದಾಗ ಮೈಯಲ್ಲಿ ಬದಲಾವಣೆ ಆಗುತ್ತದೆ. ಮೈಯ ಶಕ್ತಿ ಕುಂದಿದಾಗಲೂ ಬರುತ್ತದೆ. ಇನ್ನೊಂದು ದೊಡ್ಡ ಕಾರಣ ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಹೆಚ್ಚಾದರೆ ಮೂತ್ರದಲ್ಲೂ ಸಕ್ಕರೆ ಇಳಿಯುತ್ತದೆ. ಕ್ಯಾಂಡಿಡಾಕ್ಕೆ ಅದು ಹಬ್ಬದೂಟ.

ಇದು ಕೆಟ್ಟ ನಡತೆಯಿಂದ ಬಂದ ಕಾಯಿಲೆ ಅಲ್ಲ. ಯಾರ ಶಾಪವೂ ಅಲ್ಲ. ನೆಗಡಿ ಬಂದರೆ ನಾಚುತ್ತೇವೆಯೇ? ಇದೂ ಹಾಗೆಯೇ.

ಊಟ ಬಿಟ್ಟರೆ ಹೋಗುತ್ತದೆಯೇ?

ಊಟ ಬಿಡುವ ಈ ಮಾತು ಅಮೆರಿಕದಲ್ಲಿ ಹರಡಿದ್ದು. 1983ರಲ್ಲಿ ವಿಲಿಯಂ ಕ್ರೂಕ್ ಎಂಬ ವೈದ್ಯರು ಈ ಬಗ್ಗೆ ಒಂದು ಪುಸ್ತಕ ಬರೆದರು. ಸಕ್ಕರೆ ಬಿಡಿ, ಬ್ರೆಡ್ ಬಿಡಿ, ಹುದುಗು ಬಂದದ್ದು ಬಿಡಿ ಎಂಬ ಪಥ್ಯ ಆಮೇಲೆ ತುಂಬಾ ಹೆಸರಾಯಿತು. ಈಗ ಅದು ಫೋನಿನ ಮೂಲಕ ನಮ್ಮ ಹಳ್ಳಿಗೂ ಬಂದಿದೆ. ಆದರೆ ಈ ಪಥ್ಯದಿಂದಲೇ ಕಾಯಿಲೆ ವಾಸಿಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ.

ಇಡ್ಲಿ ಹಿಟ್ಟು ಹುದುಗುವುದು ಹೆಚ್ಚಾಗಿ ಒಳ್ಳೆಯ ಜೀವಿಗಳಿಂದ. ಹಬೆಯಲ್ಲಿ ಬೆಂದ ಮೇಲೆ ಅವೂ ಉಳಿಯುವುದಿಲ್ಲ. ಇಡ್ಲಿ ತಿಂದರೆ ನವೆ ಬರುವುದಿಲ್ಲ. ಮೊಸರು, ಮಜ್ಜಿಗೆ ಊಟಕ್ಕೆ ಒಳ್ಳೆಯದು. ಆದರೆ ಅದು ಈ ಕಾಯಿಲೆಗೆ ಮದ್ದಲ್ಲ. ಮೊಸರನ್ನಾಗಲಿ ಬೆಳ್ಳುಳ್ಳಿಯನ್ನಾಗಲಿ ಆ ಜಾಗಕ್ಕೆ ಇಡಬೇಡಿ. ಗಾಯವಾಗಬಹುದು.

ಕೂಲಿ ಮಾಡುವ ಹೆಂಗಸು ಅನ್ನ, ಹಾಲು, ಹಣ್ಣು ಎಲ್ಲ ಬಿಟ್ಟರೆ ಏನಾಗುತ್ತದೆ? ನಿಶ್ಶಕ್ತಿ ಹೆಚ್ಚುತ್ತದೆ. ರಕ್ತ ಕಡಿಮೆಯಾಗುತ್ತದೆ. ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ.

ಮದ್ದು ಎಲ್ಲಿದೆ?

ಸರ್ಕಾರಿ ಆಸ್ಪತ್ರೆಯಲ್ಲಿ ಇದೆ. ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ನರ್ಸಮ್ಮನಿಗೆ ಹೇಳಿ. ಅವರೂ ಹೆಂಗಸರೇ. ಯೋನಿಯ ಒಳಗೆ ಇಡುವ ಮಾತ್ರೆ ಇದೆ. ಹಚ್ಚುವ ಮುಲಾಮು ಇದೆ. ನುಂಗುವ ಮಾತ್ರೆಯೂ ಇದೆ. ಯಾವುದು ಬೇಕೆಂದು ಡಾಕ್ಟರು ಹೇಳುತ್ತಾರೆ. ಹೆಚ್ಚಿನವರಿಗೆ ಒಂದು ವಾರದ ಹೊತ್ತಿಗೆ ಗುಣ ಕಾಣುತ್ತದೆ. ಬಸುರಿಯರು ನುಂಗುವ ಮಾತ್ರೆಯನ್ನು ತಾವಾಗಿ ತೆಗೆದುಕೊಳ್ಳಬಾರದು.

ಔಷಧಿ ಅಂಗಡಿಯಲ್ಲಿ ಕೇಳಿ ಯಾವುದೋ ಮುಲಾಮು ಹಚ್ಚಬೇಡಿ. ಕೆಲವು ಮುಲಾಮಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ನವೆ ನಿಂತ ಹಾಗೆ ಕಾಣುತ್ತದೆ. ಆಮೇಲೆ ಇನ್ನೂ ಹೆಚ್ಚುತ್ತದೆ.

ಬಿಳಿ ಹೋಗುವುದೆಲ್ಲ ಕ್ಯಾಂಡಿಡಾ ಅಲ್ಲ. ಕೆಟ್ಟ ವಾಸನೆ, ಹಳದಿ ಅಥವಾ ಹಸಿರು ಬಣ್ಣ, ಕಿಬ್ಬೊಟ್ಟೆ ನೋವು, ಜ್ವರ, ಮುಟ್ಟಿಲ್ಲದಾಗ ರಕ್ತ ಕಂಡರೆ ಕೂಡಲೇ ತೋರಿಸಿ. ಅದಕ್ಕೆ ಬೇರೆ ಮದ್ದು ಬೇಕು.

ವರ್ಷದಲ್ಲಿ ಮೂರು ಸಲ ಬಂದರೆ?

ಆಗ ರಕ್ತದ ಸಕ್ಕರೆ ನೋಡಿಸಲೇಬೇಕು. ತುಂಬಾ ಬಾಯಾರಿಕೆ, ಪದೇ ಪದೇ ಮೂತ್ರ, ಸುಸ್ತು, ಗಾಯ ಬೇಗ ಮಾಯದೆ ಇರುವುದು ಸಕ್ಕರೆ ಕಾಯಿಲೆಯ ಗುರುತು. ಕೆಲವರಿಗೆ ಇದಾವುದೂ ಗೊತ್ತಾಗುವುದಿಲ್ಲ. ಮತ್ತೆ ಮತ್ತೆ ಬರುವ ನವೆಯೇ ಮೊದಲ ಗುರುತು ಆಗಬಹುದು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರೆ.

ಬೆಳಿಗ್ಗೆ ಏನೂ ತಿನ್ನದೆ ಹೋಗಬೇಕು. ಚೀಟಿಯಲ್ಲಿ ಒಂದು ಅಂಕಿ ಬರೆದು ಕೊಡುತ್ತಾರೆ. 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125 ಇದ್ದರೆ ಎಚ್ಚರ ಬೇಕು. 126 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಸಕ್ಕರೆ ಕಾಯಿಲೆ ಇರಬಹುದು. ಡಾಕ್ಟರು ಮತ್ತೊಮ್ಮೆ ನೋಡಿ ಹೇಳುತ್ತಾರೆ.

ಊಟ ಹೇಗಿರಬೇಕು?

ಊಟ ಬಿಡುವುದು ಬೇಡ. ತಟ್ಟೆಯನ್ನು ಸರಿ ಮಾಡಿಕೊಳ್ಳಬೇಕು. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಕಾಳು, ಬೇಳೆ, ಇಲ್ಲವೆ ಮೊಟ್ಟೆ. ಉಳಿದ ಕಾಲು ಭಾಗ ಮುದ್ದೆ ಅಥವಾ ಅನ್ನ. ರಾಗಿ ಒಳ್ಳೆಯದು. ಹಾಗೆಂದು ದೊಡ್ಡ ದೊಡ್ಡ ಮುದ್ದೆ ಎರಡೆರಡು ತಿಂದರೆ ಸಕ್ಕರೆ ಏರುತ್ತದೆ. ಟೀಗೆ ಹಾಕುವ ಸಕ್ಕರೆ ಕಡಿಮೆ ಮಾಡಿ. ಬೆಲ್ಲವೂ ಸಕ್ಕರೆಯ ಅಣ್ಣನೇ. ಬಾಟಲಿ ಜ್ಯೂಸ್, ಬೇಕರಿ ತಿಂಡಿ ಬೇಡ. ಒಂದು ಸೀಬೆಹಣ್ಣು ತಿನ್ನಬಹುದು.

ಇದಕ್ಕೆ ನಮ್ಮ ಬಸ್ಸಾರಿಗಿಂತ ಒಳ್ಳೆ ಅಡುಗೆ ಯಾವುದಿದೆ? ಬಸ್ಸಾರು ಮಾಡೋದನ್ನು ನಾನು ನಿಮಗೆ ಹೇಳಿಕೊಡಬೇಕಿಲ್ಲ. ಆದರೂ ಬರೆದಿದ್ದೇನೆ. ನಮಗೆ ಗೊತ್ತಿರೋ ಅಡುಗೆಯನ್ನು ನಾವೇ ಓದೋದು ಒಂದು ಖುಷಿ.

ನಾಲ್ಕು ಜನಕ್ಕೆ: ಹೆಸರುಕಾಳು 1 ಲೋಟ, ದಂಟಿನ ಸೊಪ್ಪು 2 ಕಟ್ಟು, ಈರುಳ್ಳಿ 2, ಬೆಳ್ಳುಳ್ಳಿ 8 ಎಸಳು, ಒಣಮೆಣಸಿನಕಾಯಿ 6, ಧನಿಯ 2 ಚಮಚ, ಜೀರಿಗೆ 1 ಚಮಚ, ಕಾಯಿತುರಿ 4 ಚಮಚ, ಗೋಲಿ ಗಾತ್ರದ ಹುಣಸೆಹಣ್ಣು, ಉಪ್ಪು.

ಕಾಳನ್ನು 6 ಲೋಟ ನೀರಿನಲ್ಲಿ ಬೇಯಿಸಿ. ಕಾಳು ಮೆತ್ತಗಾದಾಗ ಸೊಪ್ಪು, ಉಪ್ಪು ಹಾಕಿ. ಸೊಪ್ಪು ಬೆಂದ ಮೇಲೆ ನೀರು ಬಸಿದಿಡಿ. ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಧನಿಯ, ಜೀರಿಗೆ ಹುರಿಯಿರಿ. ಕಾಯಿ, ಹುಣಸೆಹಣ್ಣು, ಒಂದು ಹಿಡಿ ಬೆಂದ ಕಾಳು ಸೊಪ್ಪು ಸೇರಿಸಿ ರುಬ್ಬಿ. ಬಸಿದ ನೀರಿಗೆ ಹಾಕಿ ಕುದಿಸಿ. ಸಾರು ಆಯಿತು. ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಡಿ. ಪಲ್ಯ ಆಯಿತು. ನಿಮ್ಮ ತಟ್ಟೆಗೆ ಪಲ್ಯ ಹೆಚ್ಚು ಬಡಿಸಿಕೊಳ್ಳಿ. ಎಲ್ಲರಿಗೂ ಬಡಿಸಿ, ಕೊನೆಗೆ ತಳದ ಸಾರು ಮಾತ್ರ ಉಂಡು ಏಳಬೇಡಿ.

ಆ ಅಕ್ಕ ಏನು ಮಾಡಿದರು?

ಮರುದಿನ ಬೆಳಿಗ್ಗೆ ನಾನೂ ಜೊತೆಗೆ ಹೋದೆ. ಡಾಕ್ಟರು ನೋಡಿ ಮದ್ದು ಕೊಟ್ಟರು. ರಕ್ತ ಪರೀಕ್ಷೆ ಆಯಿತು. ಚೀಟಿ ಕೈಗೆ ಬಂತು. ನಾನು ಓದಲು ಕೈ ಚಾಚಿದೆ. ಅಕ್ಕ ಕೊಡಲಿಲ್ಲ. ತಾವೇ ಬೆರಳಿಟ್ಟು ಓದಿದರು. "ನೂರಾ ಎಂಬತ್ತೆರಡು. ಜಾಸ್ತಿ ಅಲ್ವಾ ಟೀಚರಮ್ಮ?"

ಜಾಸ್ತಿಯೇ. ಇನ್ನೊಂದು ಸಲ ನೋಡಿದಾಗಲೂ ಹೆಚ್ಚೇ ಬಂತು. ಈಗ ದಿನಾ ಸಕ್ಕರೆ ಕಾಯಿಲೆ ಮಾತ್ರೆ ನುಂಗುತ್ತಾರೆ. ಅಳತೆ ನೋಡಿ ಹೊಟ್ಟೆ ತುಂಬ ಉಣ್ಣುತ್ತಾರೆ. ನವೆ ಹೋಗಿದೆ. ಕೇಂದ್ರದಲ್ಲಿ ಮತ್ತೆ ಮುಂದಿನ ಸಾಲಿಗೆ ಬಂದಿದ್ದಾರೆ.

ನೆನಪಿಡಿ

ಹತ್ತಿ ಬಟ್ಟೆ ಉಡಿ. ಒಳಬಟ್ಟೆಯನ್ನು ಬಿಸಿಲಿನಲ್ಲಿ ಒಣಗಿಸಿ. ಸೀರೆಯ ಅಡಿಯಲ್ಲಿ ಮುಚ್ಚಿಡಬೇಡಿ.
ಯೋನಿಯ ಒಳಗೆ ಸೋಪು ಹಾಕಿ ತೊಳೆಯಬೇಡಿ.
ನವೆಗೆ ಊಟ ಬಿಡಬೇಡಿ. ನಾಚಿಕೆ ಬಿಡಿ.

ಓದಿ, ಮಾತಾಡಿ

1. ಕ್ಯಾಂಡಿಡಾ ಯಾವ ಯಾವ ಕಾರಣದಿಂದ ಹೆಚ್ಚುತ್ತದೆ?
2. ಚೀಟಿಯಲ್ಲಿ 118 ಎಂದು ಬರೆದಿದ್ದರೆ ಏನು ಅರ್ಥ?
3. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನು ಉಳಿದಿರುತ್ತದೆ?