ನಿಮಗಿದು ಗೊತ್ತೇ? ಪುಕ್ಕಟೆ ಆಪ್‌ಗಳ ದುಡ್ಡಿನ ಲೆಕ್ಕ

ಜನರಿಂದ ಕಾಸು ತೆಗೆದುಕೊಳ್ಳದೆ ಕಂಪನಿ ಹೇಗೆ ನಡೆಸುತ್ತೀರಿ? 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟರ್ ಆರಿನ್ ಹ್ಯಾಚ್ ಹೀಗೆ ಕೇಳಿದಾಗ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಹೇಳಿದ್ದಿಷ್ಟೇ: ಜಾಹೀರಾತು ಹಾಕುತ್ತೇವೆ. 2023ರಲ್ಲಿ ಫೇಸ್‌ಬುಕ್, ವಾಟ್ಸಾಪ್‌ಗಳ ಒಡೆತನದ ಮೆಟಾದ ವರಮಾನ ಸುಮಾರು 13,500 ಕೋಟಿ ಡಾಲರ್. ನೂರಕ್ಕೆ 97ಕ್ಕೂ ಹೆಚ್ಚು ಪಾಲು ಜಾಹೀರಾತಿನದೇ.

ಫೇಸ್‌ಬುಕ್ ತೆರೆದಾಗಲೆಲ್ಲ ಯಾರ ಜಾಹೀರಾತು ತೋರಿಸಬೇಕೆಂದು ಒಳಗೊಳಗೇ ಒಂದು ಹರಾಜು ನಡೆಯುತ್ತದೆ. ಹೆಚ್ಚು ಬೆಲೆ ಕೂಗಿದವನೇ ಗೆಲ್ಲುತ್ತಾನೆಂದೇನಿಲ್ಲ. ನೀವು ಆ ಜಾಹೀರಾತನ್ನು ಒತ್ತುವ ಸಾಧ್ಯತೆ ಎಷ್ಟು, ಅದರ ಗುಣಮಟ್ಟ ಹೇಗಿದೆ ಎಂಬುದೂ ಲೆಕ್ಕಕ್ಕೆ ಸೇರುತ್ತದೆ. ನೀವು ಕೊಟ್ಟ ಲೈಕುಗಳು ಕೆಲಸಕ್ಕೆ ಬರುವುದು ಇಲ್ಲೇ.

ಹರಾಜಿನಲ್ಲಿ ಎಲ್ಲರಿಗೂ ಒಂದೇ ಬೆಲೆ ಇಲ್ಲ. 2023ರ ಕೊನೆಯ ಮೂರು ತಿಂಗಳಲ್ಲಿ ಫೇಸ್‌ಬುಕ್‌ಗೆ ಅಮೆರಿಕ, ಕೆನಡಾದ ಒಬ್ಬೊಬ್ಬರಿಂದ ಸರಾಸರಿ 68 ಡಾಲರ್ ಬಂತು. ನಾವಿರುವ ಏಷ್ಯಾ-ಪೆಸಿಫಿಕ್‌ನವರಿಂದ ಐದೂವರೆ. ಹೊತ್ತು ಹಾಳುಮಾಡುವುದರಲ್ಲಿ ಮಾತ್ರ ನಾವೇನೂ ಕಡಿಮೆಯಿಲ್ಲ.

ಮಾಧ್ಯಮಗಳು ಜಾಹೀರಾತುದಾರರಿಗೆ ಮಾರುವ ಸರಕು ಪ್ರೇಕ್ಷಕರೇ ಎಂದು ಕೆನಡಾದ ವಿದ್ವಾಂಸ ಡಲಾಸ್ ಸ್ಮೈದ್ 1977ರಲ್ಲೇ ಬರೆದಿದ್ದರು. ಆಗ ಇದ್ದದ್ದು ಟಿವಿ, ರೇಡಿಯೋ, ಪತ್ರಿಕೆ. ಹೌದು, ನಮ್ಮಂಥ ಪತ್ರಿಕೆಗಳೂ.

ವಾಟ್ಸಾಪ್ ಹುಟ್ಟುವಾಗ ಜಾಹೀರಾತಿಗೆ ಬದ್ಧ ವೈರಿ. ಜಾಹೀರಾತು, ಆಟ, ಗಿಮಿಕ್ ಯಾವುದೂ ಬೇಡ ಎಂದು ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ಆಕ್ಟನ್ ಬರೆದುಕೊಟ್ಟ ಚೀಟಿ ಜೊತೆಗಾರ ಜ್ಯಾನ್ ಕೂಮ್ ಅವರ ಮೇಜಿನ ಮೇಲಿತ್ತು. ಚಂದಾ ವರ್ಷಕ್ಕೆ ಒಂದೇ ಡಾಲರ್. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್ ಬೆಲೆ ಕಟ್ಟಿ ಅದನ್ನು ಕೊಳ್ಳಲು ಮುಂದಾಯಿತು. ಉಕ್ರೇನಿನಿಂದ ಬಂದ ಕೂಮ್ ಒಂದು ಕಾಲಕ್ಕೆ ಸರ್ಕಾರದ ಆಹಾರ ಕೂಪನ್‌ಗಾಗಿ ಸರತಿಯಲ್ಲಿ ನಿಂತವರು. ಆ ಕೂಪನ್ ಕೊಡುತ್ತಿದ್ದ ಕಚೇರಿ ಇದ್ದ ಹಳೆಯ ಕಟ್ಟಡಕ್ಕೆ ಹೋಗಿ, ಬಾಗಿಲಿಗೆ ಕಾಗದ ಒತ್ತಿಹಿಡಿದು ಒಪ್ಪಂದಕ್ಕೆ ರುಜು ಹಾಕಿದರು. 2016ರಲ್ಲಿ ಚಂದಾ ರದ್ದಾಯಿತು. ಮರುವರ್ಷ ಆಕ್ಟನ್ ಹೊರನಡೆದರು. ಕೈಗೆ ಬರಬೇಕಿದ್ದ ಸುಮಾರು 85 ಕೋಟಿ ಡಾಲರ್ ಷೇರು ಹೋದರೆ ಹೋಗಲಿ ಎಂದರು. ಸ್ಟೇಟಸ್‌ಗಳ ನಡುವೆ ಜಾಹೀರಾತು ತರುವುದಾಗಿ ಕಂಪನಿ ಸಾರಿದ್ದು 2025ರಲ್ಲಿ.

ಜಾಹೀರಾತೇ ಬೇಡವೆಂದರೆ? ಯುರೋಪಿನಲ್ಲಿ ಫೇಸ್‌ಬುಕ್ ಬಳಸುವವರು 2023ರ ನವೆಂಬರ್‌ನಿಂದ ದುಡ್ಡು ಕೊಟ್ಟು ತಪ್ಪಿಸಿಕೊಳ್ಳಬಹುದು. ಮೊದಲಿಟ್ಟ ದರ ವೆಬ್‌ನಲ್ಲಿ ತಿಂಗಳಿಗೆ 9.99 ಯೂರೋ.

ಪುಕ್ಕಟೆ ಆಪ್ ನಡೆಸುವುದು ಎಲ್ಲರ ಕೈಲಾಗುವುದಿಲ್ಲ. ಟ್ವಿಟರ್ ಮಾದರಿಯ ಬೆಂಗಳೂರಿನ ಆಪ್ ‘ಕೂ’ 2020ರಲ್ಲಿ ಮೊದಲು ಕಣ್ಣುಬಿಟ್ಟದ್ದು ಕನ್ನಡದಲ್ಲಿ. 2024ರ ಜುಲೈನಲ್ಲಿ ಬಾಗಿಲು ಹಾಕಿತು. ದೊಡ್ಡ ಕಂಪನಿಗಳ ಜೊತೆ ಪಾಲುದಾರಿಕೆಯ ಮಾತುಕತೆ ನಡೆದಿತ್ತಾದರೂ, ಜನ ಬರೆದು ಹಾಕುವುದನ್ನು ಸಂಭಾಳಿಸುವ ಉಸಾಬರಿ ಹೆಚ್ಚಿನವರಿಗೆ ಬೇಕಿರಲಿಲ್ಲ ಎಂದು ಸ್ಥಾಪಕರೇ ತಿಳಿಸಿದರು.