ಡಿಸ್ಕುಗಳ ಪಂಕ್ತಿಯಲ್ಲಿ ಕಡತಗಳ ವ್ಯವಸ್ಥೆ

ಕಲಾ ವಿಭಾಗದ ವಿದ್ಯಾರ್ಥಿಗೆ ಗಣಕದ ಡಿಸ್ಕುಗಳ ಗೊಡವೆ ಏತಕ್ಕೆಂದು ಸಹಪಾಠಿಗಳು ಕೇಳಬಹುದು. ಕೇಳುವುದು ಸಹಜವೆ. ನಮ್ಮ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಕಾಪಿಡುವ ಕೆಲಸಕ್ಕೆ ಅಧ್ಯಾಪಕರು ಕಳೆದ ವರ್ಷ ನಮ್ಮಲ್ಲಿ ಕೆಲವರನ್ನು ಹಚ್ಚಿದರು. ಪುಟಗಳನ್ನಿಡಲು ಒಂದೊಂದು ಟೆರಾಬೈಟಿನ ನಾಲ್ಕು ಡಿಸ್ಕುಗಳಿದ್ದ ಸರ್ವರೊಂದನ್ನು ಕೊಟ್ಟರು. ಅದರ ಯೋಗಕ್ಷೇಮ ನನ್ನ ಪಾಲಿಗೆ ಬಂತು. ಆ ಕೆಲಸದಲ್ಲಿ ಕಲಿತದ್ದನ್ನೂ, ನಾನೇ ತಂದುಕೊಂಡ ಒಂದು ಅನಾಹುತವನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟಿ ದುಡಿಸುವ ಏರ್ಪಾಡಿಗೆ ‘ರೇಡ್’ ಎಂದು ಹೆಸರು. 1988ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಎಂಬ ಮೂವರು ತಮ್ಮ ಪ್ರಬಂಧದಲ್ಲಿ ಇದನ್ನು ವಿವರಿಸಿ, ಇದರ ಬಗೆಗಳಿಗೆ ಅಂಕಿಗಳನ್ನಿತ್ತರು. ನಮ್ಮ ಸರ್ವರಿನದು ಐದನೆಯ ಬಗೆ. ಇದರಲ್ಲಿ ಮಾಹಿತಿಯನ್ನು ತುಂಡು ಮಾಡಿ ಮೂರು ಡಿಸ್ಕುಗಳಿಗೆ ಹಂಚಿ, ನಾಲ್ಕನೆಯದರ ಮೇಲೆ ಆ ಮೂರರ ತಾಳೆಯ ಲೆಕ್ಕವನ್ನು ಬರೆಯುತ್ತಾರೆ. ತಾಳೆಯ ಸರದಿ ಡಿಸ್ಕಿನಿಂದ ಡಿಸ್ಕಿಗೆ ಸುತ್ತುತ್ತಿರುತ್ತದೆ. ಹೀಗೆ ಒಂದು ಸಾಲಿನಲ್ಲಿ ಬೀಳುವ ನಾಲ್ಕು ತುಂಡುಗಳಿಗೆ ‘ಪಟ್ಟೆ’ ಎನ್ನೋಣ.

ಉದಾಹರಣೆಗೆ 5, 7, 9 ಎಂಬವು ಮೂರು ತುಂಡುಗಳು. ಮೊತ್ತವಾದ 21 ತಾಳೆ. 7 ಇದ್ದ ಡಿಸ್ಕು ಕೆಟ್ಟರೂ, 21ರಿಂದ ಉಳಿದೆರಡನ್ನು ಕಳೆದು 7ನ್ನು ಮತ್ತೆ ಪಡೆಯಬಹುದು. ನಿಜವಾಗಿ ಅಲ್ಲಿ ನಡೆಯುವುದು ಕೂಡಿಕೆಯಲ್ಲ, ಅದೇ ಗುಣದ ಇನ್ನೊಂದು ಲೆಕ್ಕ. ಆದರೆ ತಿಳಿವಿಗೆ ಇಷ್ಟು ಸಾಕು.

ಈಗ 7ನ್ನು 8 ಎಂದು ತಿದ್ದಬೇಕಾಗಿದೆ ಎನ್ನಿ. ಹಳೆಯ 7ನ್ನು ಓದಬೇಕು, ಹಳೆಯ 21ನ್ನು ಓದಬೇಕು, 8 ಬರೆಯಬೇಕು, 22 ಬರೆಯಬೇಕು. ಒಂದು ಅಂಕಿಗೆ ನಾಲ್ಕು ಕೆಲಸ! ಅದೇ ಇಡೀ ಪಟ್ಟೆಯನ್ನು ಒಮ್ಮೆಗೇ ಬರೆದರೆ ಹಳೆಯದನ್ನು ಓದುವ ಪ್ರಮೇಯವೇ ಇಲ್ಲ. ಆದ್ದರಿಂದ ಕಡತ ವ್ಯವಸ್ಥೆಗೆ ಪಟ್ಟೆಯ ಅಳತೆ ಗೊತ್ತಿದ್ದರೆ ಅದು ಆದಷ್ಟೂ ಪೂರ್ಣ ಪಟ್ಟೆಗಳಾಗುವಂತೆ ಜಾಗ ಹಂಚುತ್ತದೆ.

ಈ ಅಳತೆಯನ್ನು ಕಡತ ವ್ಯವಸ್ಥೆಯನ್ನು ನಿರ್ಮಿಸುವಾಗಲೇ ಹೇಳಬೇಕು. ಲಿನಕ್ಸ್ ತಾನೇ ಕಟ್ಟಿದ ರೇಡ್ ಆದರೆ ನಿರ್ಮಾಣದ ಉಪಕರಣ ತಾನಾಗಿ ಅಳತೆಯನ್ನು ಕೇಳಿಕೊಳ್ಳುತ್ತದೆ. ನಮ್ಮಲ್ಲಿದ್ದುದು ಪ್ರತ್ಯೇಕ ರೇಡ್ ಕಾರ್ಡು. ಅದು ನಾಲ್ಕು ಡಿಸ್ಕುಗಳನ್ನೂ ಮರೆಮಾಡಿ ‘ಇರುವುದೊಂದೇ’ ಎಂದು ತೋರಿಸುತ್ತಿತ್ತು. ಹೀಗಾಗಿ ಲೆಕ್ಕ ನಮ್ಮ ತಲೆಗೇ ಬಿತ್ತು. ತುಂಡಿನ ಗಾತ್ರ 64 ಕಿಲೋಬೈಟ್, ಇಎಕ್ಸ್‌ಟಿ4ರ ಒಂದು ಬ್ಲಾಕು 4 ಕಿಲೋಬೈಟ್. ಭಾಗಿಸಿದರೆ 16, ಇದು ‘ಸ್ಟ್ರೈಡ್’. ಮಾಹಿತಿಯ ಡಿಸ್ಕುಗಳು ಮೂರಾದ್ದರಿಂದ 16ನ್ನು ಮೂರರಿಂದ ಗುಣಿಸಿ 48. ಇದು ‘ಸ್ಟ್ರೈಪ್ ವಿಡ್ತ್’. ನಾಲ್ಕರಿಂದ ಗುಣಿಸುವುದು ಸಾಮಾನ್ಯವಾದ ತಪ್ಪು. ತಾಳೆಯ ಪಾಲನ್ನು ಬಿಡಬೇಕು. ಎಕ್ಸ್‌ಎಫ್‌ಎಸ್‌ನಲ್ಲಾದರೆ ತುಂಡಿನ ಗಾತ್ರವನ್ನೂ ಮಾಹಿತಿಯ ಡಿಸ್ಕುಗಳ ಸಂಖ್ಯೆಯನ್ನೂ ನೇರವಾಗಿ ಹೇಳಿದರೆ ಆಯಿತು.

ನಿರ್ಮಾಣಕಾಲದ ಇನ್ನೊಂದು ನಿರ್ಧಾರ ಐನೋಡುಗಳ ಸಂಖ್ಯೆ. ಐನೋಡ್ ಎಂದರೆ ಕಡತವೊಂದರ ವಿವರಗಳ ಚೀಟಿ. ನಮ್ಮಷ್ಟು ಜಾಗಕ್ಕೆ ಇಎಕ್ಸ್‌ಟಿ4 ರೂಢಿಯಂತೆ ಪ್ರತಿ 16 ಕಿಲೋಬೈಟಿಗೆ 256 ಬೈಟಿನ ಒಂದು ಚೀಟಿ ಇಡುತ್ತದೆ. ಮೂರು ಟೆರಾಬೈಟಿನಲ್ಲಿ 64ರ ಒಂದು ಪಾಲು, ಅಂದರೆ ಸುಮಾರು 47 ಗಿಗಾಬೈಟ್, ಖಾಲಿ ಚೀಟಿಗಳಿಗೇ ಹೋಗುತ್ತದೆ. ನಮ್ಮ ಸ್ಕ್ಯಾನುಗಳೋ ಒಂದೊಂದೂ ಹಲವು ಮೆಗಾಬೈಟಿನವು. ಆದಕಾರಣ ಒಂದು ಮೆಗಾಬೈಟಿಗೆ ಒಂದೆಂದು ಆರಿಸಿದೆವು. ಈ ಪ್ರಮಾಣವನ್ನು ಆಮೇಲೆ ಬದಲಿಸಲು ಬರುವುದಿಲ್ಲ. ಪಟ್ಟೆಯ ಅಳತೆಯನ್ನು ಮುಂದೆ ತಿದ್ದಬಹುದಾದರೂ ಆಗಲೇ ಬರೆದ ಕಡತಗಳು ಕುಳಿತಲ್ಲಿಂದ ಏಳುವುದಿಲ್ಲ.

ಮೌಂಟ್ ಆಯ್ಕೆಗಳು ಹಾಗಲ್ಲ. ಅವು ಮನೆಯ ಪಾಯವಲ್ಲ, ದಿನನಿತ್ಯದ ನಡಾವಳಿ; ಬೇಕೆಂದಾಗ ಬದಲಿಸಬಹುದು. ‘ನೋಏಟೈಮ್’ ಎಂದರೆ ಕಡತವನ್ನು ಓದಿದ ವೇಳೆಯನ್ನು ದಾಖಲಿಸಬೇಡ ಎಂದು, ನಿರುಪದ್ರವಿ. ಆದರೆ ಎಲ್ಲವೂ ಹಾಗಿಲ್ಲ. ಇಲ್ಲಿಯೇ ನಾನು ಎಡವಿದ್ದು.

ಇಎಕ್ಸ್‌ಟಿ4 ತನ್ನ ಆಂತರಿಕ ಬದಲಾವಣೆಗಳನ್ನು ಮೊದಲು ಜರ್ನಲ್ ಎಂಬ ಕಚ್ಚಾ ಪುಸ್ತಕದಲ್ಲಿ ಬರೆದು, ಬಳಿಕ ಖಾತೆಗೆ ಏರಿಸುತ್ತದೆ. ಕಚ್ಚಾ ಬರಹ ನಿಜವಾಗಿ ಡಿಸ್ಕನ್ನು ಮುಟ್ಟುವ ತನಕ ಮುಂದಿನ ಹೆಜ್ಜೆ ಇಡಬೇಡವೆಂದು ತಡೆಯುವ ಕಟ್ಟಳೆಯೇ ‘ಬ್ಯಾರಿಯರ್’. ಇದನ್ನು ತೆಗೆದರೆ ಬರಹ ಚುರುಕಾಗುತ್ತದೆ. ಕಾರ್ಡಿನ ತಾತ್ಕಾಲಿಕ ನೆನಪಿಗೆ ಬ್ಯಾಟರಿಯ ಆಸರೆ ಇದ್ದು, ಡಿಸ್ಕುಗಳ ಸ್ವಂತ ನೆನಪನ್ನು ನಿಲ್ಲಿಸಿದ್ದಲ್ಲಿ ಹಾಗೆ ಮಾಡುವುದುಂಟು. ನಮ್ಮ ಕಾರ್ಡಿಗೆ ಬ್ಯಾಟರಿ ಇರಲಿಲ್ಲ. ಅದನ್ನು ನೋಡದೆ ನಾನು ಬ್ಯಾರಿಯರ್ ತೆಗೆದೆ. ಎರಡು ವಾರ ವೇಗವನ್ನು ಕಂಡು ಮಿತ್ರರೆದುರು ಬೀಗಿದ್ದೂ ಉಂಟು.

ಒಂದು ಸಂಜೆ ಮಳೆಗೆ ಕರೆಂಟು ಹೋಯಿತು. ಬೆಳಗ್ಗೆ ಸರ್ವರ್ ಏಳಲಿಲ್ಲ. ದುರಸ್ತಿಯ ಕಾರ್ಯಕ್ರಮ ಓಡಿಸಿದ ಮೇಲೆ ಕಡತಗಳು ಬಹುಮಟ್ಟಿಗೆ ಉಳಿದಿದ್ದವು. ಆದರೆ ಸಾವಿರಕ್ಕೂ ಮಿಕ್ಕ ಪುಟಗಳು ಹೆಸರು ಕಳೆದುಕೊಂಡು, ಬರಿಯ ಅಂಕಿಗಳನ್ನು ಹೊತ್ತು ‘ಲಾಸ್ಟ್ ಅಂಡ್ ಫೌಂಡ್’ ಎಂಬ ಕೋಶದಲ್ಲಿ ಬಿದ್ದಿದ್ದವು. ಯಾವ ವರ್ಷದ ಸಂಚಿಕೆ, ಯಾರ ಲೇಖನ, ಯಾರ ಭಾವಚಿತ್ರ? ಗ್ರಂಥಾಲಯದಲ್ಲಿ ಮುದ್ರಿತ ಪ್ರತಿಗಳನ್ನು ಬಿಚ್ಚಿಟ್ಟುಕೊಂಡು ಎರಡು ತಿಂಗಳು ತಾಳೆ ನೋಡಿದೆವು. ಕೆಲವು ಪ್ರತಿಗಳ ಹಾಳೆಗಳು ಮುಟ್ಟಿದರೆ ಉದುರುವಂತಿದ್ದವು. ಒಂದು ಗುಂಪು ಚಿತ್ರದಲ್ಲಿರುವ ಹನ್ನೊಂದು ವಿದ್ಯಾರ್ಥಿಗಳ ಹೆಸರು ಇಂದಿಗೂ ಸಿಕ್ಕಿಲ್ಲ.

ನಾಲ್ಕು ಡಿಸ್ಕುಗಳಲ್ಲಿ ಒಂದೂ ಕೆಟ್ಟಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ರೇಡ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಡಿಸ್ಕಿನ ಸಾವಿನಿಂದ ಅದು ಕಾಯುತ್ತದೆ, ಒಡೆಯನ ಆತುರದಿಂದಲ್ಲ. ಎಕ್ಸ್‌ಎಫ್‌ಎಸ್ ರಚಿಸುವವರು ಬ್ಯಾರಿಯರ್ ತೆಗೆಯುವ ಆಯ್ಕೆಯನ್ನೇ 2018ರಲ್ಲಿ ಕಿತ್ತುಹಾಕಿದರೆಂದು ಆಮೇಲೆ ಓದಿದೆ. ಈಗ ನಮ್ಮ ಸರ್ವರಿನಲ್ಲಿ ಬ್ಯಾರಿಯರ್ ಮತ್ತೆ ನೆಲೆಸಿದೆ. ಪಟ್ಟೆಯ ಲೆಕ್ಕ ಸರಿಯಿರುವುದರಿಂದ ವೇಗಕ್ಕೂ ಹೇಳಿಕೊಳ್ಳುವಂಥ ಕೊರತೆಯಿಲ್ಲ. ಎಲ್ಲ ಪುಟಗಳ ಇನ್ನೊಂದು ಪ್ರತಿ ಬೇರೊಂದು ಕಟ್ಟಡದಲ್ಲಿದೆ. ಆ ಹನ್ನೊಂದು ಮಂದಿಯಲ್ಲಿ ಯಾರನ್ನಾದರೂ ಬಲ್ಲ ಹಿರಿಯರಿದ್ದರೆ ದಯವಿಟ್ಟು ಗ್ರಂಥಾಲಯಕ್ಕೆ ಬಂದು ಗುರುತು ಹೇಳಬೇಕೆಂದು ಪ್ರಾರ್ಥಿಸುತ್ತೇನೆ.